ದುಡ್ಡು ಬಿಚ್ಚುವ ಮೊದಲು

ಮಗೂ, ಇರಾಕಿನ ರಾಜರ ಕಾಲದ ಕಾಗದದ ನೋಟುಗಳನ್ನು ಕೂಡಿಡಲು ಹೊರಟಿದ್ದೀಯೆಂದು ಕೇಳಿ ಖುಷಿಯಾಯಿತು. ಒಳ್ಳೆಯ ಹವ್ಯಾಸ. ದುಡ್ಡು ಬಿಚ್ಚುವ ಮೊದಲು ನೋಟನ್ನು ಓದುವುದನ್ನು ಕಲಿ, ಅಷ್ಟೇ ನಾನು ಹೇಳುವುದು.

ಎರಡನೇ ಫೈಸಲನ ಕಾಲು ದಿನಾರ್ ನೋಟನ್ನೇ ತಗೋ. ಹಸಿರು ಬಣ್ಣ, ಮುಂದೆ ಅರಬ್ಬಿ, ಹಿಂದೆ ಇಂಗ್ಲಿಷು, ಜೊತೆಗೆ ಒಬ್ಬ ಪುಟ್ಟ ಹುಡುಗನ ಮುಖ. 1931ರ 44ನೇ ಕಾನೂನಿನ ಪ್ರಕಾರ ಹೊರಟ ನೋಟು ಅದು. ಹಾಗೆಂದು ಯಾರಾದರೂ ಅದನ್ನು 1931ರ ನೋಟೆಂದು ಮಾರಲು ಬಂದರೆ ನಂಬಬೇಡ. ಆ ಹುಡುಗ ಹುಟ್ಟಿದ್ದೇ 1935ರಲ್ಲಿ! ಅಪ್ಪ ಘಾಝಿ 1939ರ ಏಪ್ರಿಲ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ನಾಲ್ಕು ವರ್ಷವೂ ತುಂಬದ ಕೂಸಿಗೆ ಪಟ್ಟ ಕಟ್ಟಿದರು. ಈ ನೋಟು ಹೊರಬಂದದ್ದು ಎರಡನೇ ಮಹಾಯುದ್ಧದ ದಿನಗಳಲ್ಲಿ. ಮುಂದಿನ ನೋಟುಗಳಲ್ಲಿ ಅದೇ ಮುಖ ಬೆಳೆಯುತ್ತಾ ಹೋಗುತ್ತದೆ. ಮೀಸೆ ಚಿಗುರುವ ವಯಸ್ಸು, ಆಮೇಲೆ ತರುಣ. 1958ರ ಜುಲೈ 14ರಂದು ಬಾಗ್ದಾದಿನಲ್ಲಿ ಅವನನ್ನು ಕೊಂದರು. ಆಗ ಇಪ್ಪತ್ಮೂರು ವರ್ಷ. ಒಬ್ಬನ ಇಡೀ ಬಾಳು ನಾಲ್ಕಾರು ನೋಟುಗಳಲ್ಲಿ ಸಿಗುವುದು ಅಪರೂಪ ಕಣಪ್ಪ. ನನಗೆ ಈ ಸಾಲು ಇಷ್ಟವಾಗಿರುವುದೇ ಅದಕ್ಕೆ.

ಮುಖದ ಜೊತೆಗೆ ನೋಟು ಹೊರಡಿಸಿದವರ ಹೆಸರನ್ನೂ ನೋಡು. ಮೊದಲು ಇರಾಕ್ ಸರ್ಕಾರ, ಆಮೇಲೆ ನ್ಯಾಷನಲ್ ಬ್ಯಾಂಕ್, 1956ರಿಂದ ಸೆಂಟ್ರಲ್ ಬ್ಯಾಂಕ್. ಇವೆರಡನ್ನೂ ಸೇರಿಸಿ ನೋಡಿದರೆ ಕಾಲ ಹೆಚ್ಚುಕಮ್ಮಿ ತಿಳಿಯುತ್ತದೆ.

ನಮಗೂ ಆ ದಿನಾರಿಗೂ ನಂಟಿದೆ. 1932ರಲ್ಲಿ ದಿನಾರ್ ಬರುವವರೆಗೆ ಅಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿಯೇ. ಹದಿಮೂರೂ ಮೂರನೇ ಒಂದು ರೂಪಾಯಿಗೆ ಒಂದು ದಿನಾರ್ ಎಂದು ಲೆಕ್ಕ ಕಟ್ಟಿ ಬದಲಾಯಿಸಿಕೊಂಡರು. ಐದನೇ ಜಾರ್ಜನ ಬೆಳ್ಳಿ ರೂಪಾಯಿಯೊಂದು ಸಿಕ್ಕರೆ ನಿನ್ನ ಸಂಗ್ರಹದ ಮೊದಲ ಜಾಗ ಅದಕ್ಕೇ ಕೊಡು.

ಇನ್ನು ನೋಟಿನ ಸ್ಥಿತಿ. ಬೆಳಕಿಗೆ ಹಿಡಿದು ನೋಡು: ವಾಟರ್‌ಮಾರ್ಕ್ ಇದೆಯೇ, ಗುಂಡುಸೂಜಿಯ ತೂತು ಎಷ್ಟು, ಮಡಿಕೆ ಸೀಳಿದೆಯೇ. ಅಂಚು ತೀರಾ ನೇರವಾಗಿದ್ದು ಸುತ್ತಲ ಬಿಳಿ ಜಾಗ ಒಂದೇ ಅಳತೆಯಲ್ಲಿಲ್ಲದಿದ್ದರೆ ಕತ್ತರಿಸಿರಬಹುದು. ಹಳೆಯ ನೋಟು ಹೊಳೆಯುತ್ತಿದ್ದರೆ ತೊಳೆದು ಇಸ್ತ್ರಿ ಮಾಡಿದ್ದಾರೇನೋ ಎಂದು ಅನುಮಾನಿಸು. ನೀನಂತೂ ತೊಳೆಯಬೇಡ, ಟೇಪ್ ಅಂಟಿಸಬೇಡ, ದಮ್ಮಯ್ಯ ಅಂತೀನಿ, ಲ್ಯಾಮಿನೇಟ್ ಮಾಡಿಸಬೇಡ. ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ ವರ್ಷಗಳು ಕಳೆದಂತೆ ಕಾಗದವನ್ನು ಕೆಡಿಸುತ್ತದೆ. ಪಾಲಿಯೆಸ್ಟರ್ ಕವರಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಎಲ್ಲಿ ಕೊಂಡೆ, ಎಷ್ಟು ಕೊಟ್ಟೆ ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದಿಡು, ನೋಟಿನ ಮೇಲಲ್ಲ.

ನೂರು ದಿನಾರಿನ ಆಸೆಯನ್ನು ಸದ್ಯಕ್ಕೆ ಬಿಡು. ಕೈಯಿಂದ ಕೈಗೆ ದಾಟಿ ಮೆತ್ತಗಾದ ಒಂದು ಕಾಲು ದಿನಾರಿನಿಂದ ಶುರುಮಾಡು. ಕೊಂಡ ಮೇಲೆ ತಂದು ತೋರಿಸು, ಇಬ್ಬರೂ ಕೂತು ನೋಡೋಣ.