ಹಲಗೆಗೆ ಮೊದಲು ಜಂತಿ ನೋಡಿ

ನ್ಯೂಜೆರ್ಸಿಯ ನಮ್ಮ ಮನೆಯ ಹಿತ್ತಲಿನ ಡೆಕ್ ಕಟ್ಟಿ ಇಪ್ಪತ್ತು ವರ್ಷ ಆಗುತ್ತಾ ಬಂದಿತ್ತು. ಮೇಲಿನ ಹಲಗೆಗಳು ಸೀಳಿ, ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಸಿಬಿರು ಚುಚ್ಚುತ್ತಿತ್ತು. ಅವನ್ನು ಕಿತ್ತು ಕಾಂಪೊಸಿಟ್ ಹಲಗೆ ಹಾಕಿಸೋಣವೆಂದು ಇಬ್ಬರು ಗುತ್ತಿಗೆದಾರರನ್ನು ಕರೆಸಿದೆ. ಒಬ್ಬರು ಹಲಗೆ ಬದಲಿಸಿದರೆ ಸಾಕು ಎಂದರು. ಇನ್ನೊಬ್ಬರು ಪೂರ್ತಿ ಕೆಡವಿ ಹೊಸದಾಗಿ ಕಟ್ಟಬೇಕೆಂದು, ಎರಡರಷ್ಟಕ್ಕೂ ಮೀರಿದ ಮೊತ್ತ ಬರೆದುಕೊಟ್ಟರು. ಹೇಳಿದ ಇಬ್ಬರಿಗೂ ಅವರವರ ಉತ್ತರದಿಂದಲೇ ಸಂಪಾದನೆ. ಹಾಗಾಗಿ ಕಟ್ಟುವ ಕೆಲಸವನ್ನೇ ಮಾಡದ, ತಪಾಸಣೆಗಷ್ಟೇ ಶುಲ್ಕ ಪಡೆಯುವ ಇನ್‌ಸ್ಪೆಕ್ಟರ್ ಒಬ್ಬರನ್ನು ಕರೆಸಿದೆ. ಮನೆ ರಿಪೇರಿಗೆ ಈವರೆಗೆ ಸುರಿದ ಹಣದಲ್ಲಿ ಆ ಸಣ್ಣ ಶುಲ್ಕದಷ್ಟು ಸಾರ್ಥಕವಾದದ್ದು ಬೇರೆ ಇಲ್ಲ.

ಲೆಕ್ಕ ಹೀಗಿದೆ. ಕಾಂಪೊಸಿಟ್ ಹಲಗೆಗೆ ಕಂಪನಿಗಳು 25 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ವಾರಂಟಿ ಕೊಡುತ್ತವೆ. ಅದು ಹಲಗೆಗೆ ಮಾತ್ರ. ಅದನ್ನು ಹೊತ್ತ ಮರದ ಚೌಕಟ್ಟಿಗಲ್ಲ. ಚೌಕಟ್ಟು ಐದಾರು ವರ್ಷಕ್ಕೆ ಸೋತರೆ ಆ ದುಬಾರಿ ಹಲಗೆಗಳನ್ನೆಲ್ಲ ಬಿಚ್ಚಬೇಕು, ಕೂಲಿಯನ್ನು ಎರಡನೇ ಸಲ ತೆರಬೇಕು. ಕೊಳೆತ, ಸವಕಳಿಗಳಿಗೆ ಸಾಮಾನ್ಯವಾಗಿ ಮನೆ ವಿಮೆಯೂ ಹಣ ಕೊಡುವುದಿಲ್ಲ.

ಇನ್‌ಸ್ಪೆಕ್ಟರ್ ಮೊದಲು ಹೋದದ್ದು ಮನೆಗೋಡೆಗೆ ಅಂಟಿಕೊಂಡ ಲೆಡ್ಜರ್ ಹಲಗೆಯ ಬಳಿಗೆ. ಡೆಕ್ಕಿನ ಸುಮಾರು ಅರ್ಧ ಭಾರವನ್ನು ಹೊರುವುದು ಅದೇ. ಅದರ ಮೇಲೆ ನೀರು ತಡೆಯುವ ತಗಡು ಇಲ್ಲದಿದ್ದರೆ ಮಳೆ, ಹಿಮದ ನೀರು ಗೋಡೆಯ ಸಂದಿಗಿಳಿದು ಕಣ್ಣಿಗೆ ಕಾಣದಂತೆ ಮರವನ್ನು ತಿನ್ನುತ್ತದೆ. ಬೋಲ್ಟ್ ಇಲ್ಲದೆ ಬರೀ ಮೊಳೆಯಲ್ಲಿ ನಿಂತಿದ್ದರೆ ಅದು ಯಾವಾಗ ಬೇಕಾದರೂ ಗೋಡೆಯಿಂದ ಕಿತ್ತುಬರಬಹುದು. ಆಮೇಲೆ ಅವರು ಜಂತಿಗಳ ತುದಿ, ಕಂಬಗಳ ಬುಡ, ಮೊಳೆ ಹೊಡೆದ ಜಾಗಗಳನ್ನೆಲ್ಲ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದರು. ಗಟ್ಟಿ ಮರದಲ್ಲಿ ತುದಿ ಇಳಿಯುವುದಿಲ್ಲ. ಮೀಟಿದರೆ ಉದ್ದನೆಯ ಸಿಬಿರು ಏಳುತ್ತದೆ. ಕೊಳೆತ ಮರ ಮೆತ್ತಗೆ ಒಳಗೆ ಬಿಟ್ಟುಕೊಂಡು, ತುಂಡುತುಂಡಾಗಿ ಮುರಿಯುತ್ತದೆ. ಈ ಪರೀಕ್ಷೆಯನ್ನು ಯಾರಾದರೂ ಮಾಡಬಹುದು, ವರ್ಷಕ್ಕೊಮ್ಮೆ ಮಾಡಲೇಬೇಕು.

ನಮ್ಮ ಡೆಕ್ಕಿನ ಮರ ಬಹುಮಟ್ಟಿಗೆ ಚೆನ್ನಾಗಿತ್ತು. ಕೆಟ್ಟಿದ್ದು ಲೋಹ. 2003ರ ಕೊನೆಯಲ್ಲಿ ಅಮೆರಿಕದ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಇರುವ ರಾಸಾಯನಿಕ ಉಣಿಸುವುದು ನಿಂತು, ತಾಮ್ರದ ಅಂಶ ಹೆಚ್ಚಿರುವ ರಾಸಾಯನಿಕಗಳು ಬಂದವು. ಅವು ಸಾಧಾರಣ ಸತುಲೇಪದ ಮೊಳೆ, ಜಂತಿಗಳನ್ನು ಹಿಡಿದಿಡುವ ಹ್ಯಾಂಗರ್‌ಗಳನ್ನು ಬೇಗ ತುಕ್ಕು ಹಿಡಿಸುತ್ತವೆ. ಅದಾದ ಕೆಲವೇ ವರ್ಷಗಳಲ್ಲಿ ಕಟ್ಟಿದ ಡೆಕ್ ನಿಮ್ಮದಾಗಿದ್ದರೆ ದಯವಿಟ್ಟು ಅಡಿಗೆ ಹೋಗಿ ಹ್ಯಾಂಗರ್ ನೋಡಿ.

ವಯಸ್ಸೊಂದನ್ನೇ ನೋಡಿ ನಿರ್ಧರಿಸಲಾಗದು. 2015ರ ಜೂನ್‌ನಲ್ಲಿ ಬರ್ಕ್ಲಿಯಲ್ಲಿ ಬಾಲ್ಕನಿ ಮುರಿದು ಆರು ಮಂದಿ ಯುವಜನ ಸತ್ತರು. ಆ ಕಟ್ಟಡ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ, ಒಳಗೆ ನೀರು ಕೂತು ಮರ ಕೊಳೆತಿತ್ತು. ಆಮೇಲೆ ಕ್ಯಾಲಿಫೋರ್ನಿಯಾ ಅಪಾರ್ಟ್‌ಮೆಂಟುಗಳ ಬಾಲ್ಕನಿ ತಪಾಸಣೆಗೆ ಕಾನೂನು ತಂದಿತು. ನಮ್ಮಂಥ ಒಂಟಿ ಮನೆಗಳ ಡೆಕ್ಕನ್ನು ನಾವೇ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿಸಿ ಊಟದ ತಟ್ಟೆ ಹಿಡಿದು ಬಳಗವೆಲ್ಲ ಒಟ್ಟಿಗೆ ಡೆಕ್ಕಿಗೆ ಬರುತ್ತದೆ. ಅವರಲ್ಲಿ ಊರಿಂದ ಬಂದ ಅಪ್ಪ ಅಮ್ಮಂದಿರೂ ಇರುತ್ತಾರೆ. ಹಣದ ಮಾತಿಗಿಂತ ನನಗೆ ಇದೇ ದೊಡ್ಡದು.

ಕೊನೆಗೆ ನಾವು ಹಿಡಿದದ್ದು ನಡುವಿನ ದಾರಿ: ಲೆಡ್ಜರ್‌ಗೆ ಬೋಲ್ಟ್, ಹೊಸ ತಗಡು, ಹೊಸ ಹ್ಯಾಂಗರ್, ಆಮೇಲೆ ಹಲಗೆ. ಜಂತಿಗಳ ನಡುವೆ 16 ಇಂಚು ಇದ್ದದ್ದರಿಂದ ಕಾಂಪೊಸಿಟ್‌ಗೆ ತೊಂದರೆಯಾಗಲಿಲ್ಲ. ಖರ್ಚು ಕೆಡವಿ ಕಟ್ಟುವುದಕ್ಕಿಂತ ಬಹಳ ಕಡಿಮೆ. ಇಂಥ ರಿಪೇರಿಗೆ ಪರ್ಮಿಟ್ ಬೇಕೇ ಎಂದು ಊರಿನ ಕಟ್ಟಡ ಇಲಾಖೆಯಲ್ಲಿ ವಿಚಾರಿಸಿ. ಮನೆ ಮಾರುವಾಗ ಆ ಕಾಗದಕ್ಕೆ ಬೆಲೆಯಿದೆ.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಒಂದು ಸಾಲು ಸೇರಿಸಿ: ಹಲಗೆ ಕಿತ್ತ ಮೇಲೆ ಕೊಳೆತ ಜಂತಿ ಕಂಡರೆ, ಒಂದಕ್ಕೆ ಇಷ್ಟು ದರ. ಕೆಲಸ ಅರ್ಧಕ್ಕೆ ನಿಂತು ಡೆಕ್ ತೆರೆದು ಬಿದ್ದಿರುವಾಗ ಚೌಕಾಸಿ ಮಾಡಲು ಯಾರಿಗೂ ಆಗುವುದಿಲ್ಲ. ನಾವು ಒಟ್ಟು ಮೊತ್ತದ ಹತ್ತನೇ ಒಂದು ಪಾಲನ್ನು ಇದಕ್ಕೆಂದೇ ಬೇರೆ ಇಟ್ಟಿದ್ದೆವು. ಎರಡು ಜಂತಿ ಬದಲಾಯಿಸಬೇಕಾಯಿತು. ಮಿಕ್ಕ ಹಣದಲ್ಲಿ ಅಲ್ಲಾಡುತ್ತಿದ್ದ ರೇಲಿಂಗ್ ಭದ್ರಪಡಿಸಿದೆವು.