ಹಾಸನ–ಮಂಗಳೂರು ರೈಲುಮಾರ್ಗ: ವರ್ತಕರು ಅರಿಯಬೇಕಾದುದು

ಒಳನಾಡನ್ನು ನವಮಂಗಳೂರು ಬಂದರಿನೊಡನೆ ಬೆಸೆಯುವ ಹಾಸನ–ಮಂಗಳೂರು ಮಾರ್ಗವು 1979ರಲ್ಲಿ ಮೀಟರ್‌ಗೇಜ್ ಮಾರ್ಗವಾಗಿ ಪೂರ್ಣಗೊಂಡಿತು. ಗೇಜ್ ಪರಿವರ್ತನೆಗಾಗಿ 1990ರ ದಶಕದಲ್ಲಿ ಸ್ಥಗಿತಗೊಂಡ ಸಂಚಾರವು ಬ್ರಾಡ್‌ಗೇಜ್‌ನಲ್ಲಿ ಪುನರಾರಂಭವಾದುದು ಸರಕಿಗೆ 2006ರಲ್ಲಿ, ಪ್ರಯಾಣಿಕರಿಗೆ 2007ರಲ್ಲಿ.

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ಸುಮಾರು 55 ಕಿ.ಮೀ. ಘಟ್ಟಭಾಗದಲ್ಲಿ 57 ಸುರಂಗಗಳಿವೆ. ಏರು 50ಕ್ಕೆ 1. ಆದುದರಿಂದ ಬಂದರಿನಿಂದ ಮೇಲೇರುವ ಸರಕುಗಾಡಿಗಳಿಗೆ ಹೆಚ್ಚುವರಿ ಎಂಜಿನ್‌ಗಳು ಬೇಕು, ವೇಗವೂ ಕಡಿಮೆ. ಇದಲ್ಲದೆ 2018 ಹಾಗೂ 2024ರ ಮಳೆಗಾಲಗಳಲ್ಲಿ ಭೂಕುಸಿತದಿಂದಾಗಿ ಸಂಚಾರವೇ ನಿಂತಿತ್ತು.

ಈ ಮಾರ್ಗದಲ್ಲಿ ಕಚ್ಚಾಮಾಲು ತರಿಸುವ ಉದ್ದಿಮೆದಾರರು ಜೂನ್‌ಗೆ ಮುನ್ನವೇ ಕೆಲವು ವಾರಗಳ ದಾಸ್ತಾನು ಮಾಡಿಕೊಳ್ಳುವುದೂ, ಸರಬರಾಜು ಒಪ್ಪಂದಗಳಲ್ಲಿ ಮಳೆಗಾಲದ ವಿಳಂಬಕ್ಕೆ ಅವಕಾಶವಿರಿಸುವುದೂ ಕ್ಷೇಮಕರ.