ಬರ ನಕ್ಷೆ ನಂಬುವ ಮೊದಲು ನಿಮ್ಮೂರಿನ ಮಳೆ ಲೆಕ್ಕ ನೋಡಿ

2023ರ ಆಗಸ್ಟ್ ನೆನಪಿದೆಯಾ? 1901ರಿಂದ ಈಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್ ಅದು. ಆಲಂಕಾರಿನ ನಮ್ಮ ತೋಟದಲ್ಲಿ ಮಳೆಗಾಲದ ನಡುವೆಯೇ ಎಳೆ ಅಡಿಕೆ ಗಿಡಗಳಿಗೆ ಪೈಪ್ ಎಳೆದು ನೀರು ಬಿಟ್ಟೆವು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯ್ತು. ಆದರೆ ಘೋಷಣೆ ಆಗುವುದು ತಾಲೂಕು ಲೆಕ್ಕದಲ್ಲಿ, ಗಿಡ ಒಣಗುವುದು ನಮ್ಮ ತೋಟದಲ್ಲಿ.

ನಕ್ಷೆ ಎಲ್ಲಿ ದಾರಿ ತಪ್ಪಿಸುತ್ತದೆ?

ಒಂದು, ಸರಾಸರಿ. ನಮ್ಮ ಕಡಬ ತಾಲೂಕಿನಲ್ಲೇ ಘಟ್ಟದ ಬುಡದ ಸುಬ್ರಹ್ಮಣ್ಯವೂ ಇದೆ. ಅಲ್ಲಿ ಸುರಿಯುವ ಮಳೆ ಇಡೀ ತಾಲೂಕಿನ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ.

ಎರಡು, ಒಟ್ಟು ಮೊತ್ತ. ಜುಲೈಯಲ್ಲಿ ಜೋರು ಮಳೆ ಬಂದರೆ ಆಗಸ್ಟ್‌ನ ಕೊರತೆ ಮೊತ್ತದಲ್ಲಿ ಕಾಣುವುದೇ ಇಲ್ಲ. ಹಾಗಾಗಿ ವಾರದ ಲೆಕ್ಕ ನೋಡಿ. ಕೇಂದ್ರದ 2016ರ ಬರ ಕೈಪಿಡಿ ಪ್ರಕಾರ ಸತತ 3-4 ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಬಿದ್ದರೆ ಅದು ಶುಷ್ಕ ಅವಧಿ.

ತಾಳೆ ನೋಡುವುದು ಹೀಗೆ

1. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯತ್ ಮಟ್ಟದಲ್ಲಿವೆ. ನಿಮ್ಮ ಪಂಚಾಯತ್‌ನ ದಿನದ ಮಳೆಯನ್ನು ಬರೆದುಕೊಳ್ಳಿ. ಕಡಬ ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಹಳೇ ದಾಖಲೆಯನ್ನು ಅಲ್ಲಿ ಹುಡುಕಿ.

2. ಮನೆಯಲ್ಲೂ ಒಂದು ಮಾಪಕ ಇಡಿ. ಬುಡ ಚಪ್ಪಟೆ, ಗೋಡೆ ನೇರ ಇರುವ ಒಂದಡಿ ಎತ್ತರದ ಡಬ್ಬ ಸಾಕು. ಮರದಡಿ, ಮಾಡಿನ ಹತ್ತಿರ ಬೇಡ, ಬಯಲು ಅಂಗಳದಲ್ಲಿರಲಿ. ಸ್ಕೇಲಿನಲ್ಲಿ ಅಳೆದಷ್ಟೇ ಮಿ.ಮೀ. ಮಳೆ.

3. ದಿನಾ ಬೆಳಗ್ಗೆ 8.30ಕ್ಕೇ ಅಳೆದು ಖಾಲಿ ಮಾಡಿ. ಇಲಾಖೆಯ ದಿನವೂ 8.30ರಿಂದ 8.30ರವರೆಗೆ. ಹೊತ್ತು ತಪ್ಪಿದರೆ ಲೆಕ್ಕ ತಾಳೆಯಾಗುವುದಿಲ್ಲ.

4. ಬಿದ್ದ ಮಳೆಯಿಂದ ವಾಡಿಕೆ ಮಳೆ ಕಳೆದು, ವಾಡಿಕೆಯಿಂದ ಭಾಗಿಸಿ, 100ರಿಂದ ಗುಣಿಸಿ. ಉದಾಹರಣೆಗೆ ವಾರದ ವಾಡಿಕೆ 200 ಮಿ.ಮೀ., ಬಿದ್ದದ್ದು 90 ಆದರೆ ಶೇ. 55 ಕೊರತೆ. ಹವಾಮಾನ ಇಲಾಖೆ ಪ್ರಕಾರ ಶೇ. 19ರವರೆಗಿನ ಏರಿಳಿತ ಸಾಮಾನ್ಯ. 20ರಿಂದ 59 ಕೊರತೆ. 60 ದಾಟಿದರೆ ಭಾರೀ ಕೊರತೆ.

ಇಷ್ಟೆಲ್ಲ ಯಾಕೆ ಮಾರಾಯ್ರೇ?

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದು ಪಂಚಾಯತ್ ಮಟ್ಟದ ಮಳೆ ಅಂಕಿಅಂಶದಿಂದ. ಮಾಪಕ ಕೆಟ್ಟರೆ ನಷ್ಟ ನಿಮಗೆ. ನಿಮ್ಮ ಡಬ್ಬದ ಲೆಕ್ಕ ನೋಡಿ ಯಾರೂ ದುಡ್ಡು ಕೊಡುವುದಿಲ್ಲ, ನಿಜ. ಆದರೆ ಒಂದೆರಡು ದಿನದ ವ್ಯತ್ಯಾಸವನ್ನು ಬಿಡಿ; ಅರ್ಧ ಮೈಲಿ ಆಚೆ ಮಳೆ ಬೇರೆಯೇ ಇರಬಹುದು. ನಿಮ್ಮಲ್ಲೂ ನೆರೆಯ ನಾಲ್ಕು ಮನೆಯಲ್ಲೂ ಜಡಿಮಳೆ ಬಿದ್ದಿದ್ದು, ಮಾಪಕ ಮಾತ್ರ ದಿನಗಟ್ಟಲೆ ಸೊನ್ನೆ ತೋರಿಸಿದರೆ ಸುಮ್ಮನಿರಬೇಡಿ. ತಾರೀಕು, ಅಳತೆ, ಫೋಟೋ ಸಮೇತ ಪಂಚಾಯತ್‌ಗೆ ಮತ್ತು ತೋಟಗಾರಿಕೆ ಇಲಾಖೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ವರ್ಷ ಕಳೆದ ಮೇಲೆ ಬಾಯಲ್ಲಿ ಹೇಳಿದರೆ ಕೇಳುವವರಿಲ್ಲ.

ಪುತ್ತೂರು, ಸುಳ್ಯ ಕಡೆ ದಶಕಗಳಿಂದ ಮಳೆ ಬರೆದಿಡುವ ಹಿರಿಯ ಕೃಷಿಕರಿದ್ದಾರೆ. ಅವರ ಪುಸ್ತಕ ಒಮ್ಮೆ ಕೇಳಿ ನೋಡಿ. ನಾಳೆ ಬೆಳಗ್ಗೆಯಿಂದ ನಿಮ್ಮದೂ ಶುರುವಾಗಲಿ.